ಡುಬ್ಬಣ್ಣನ ನಿದ್ದೆ

ಜೂನ್ 3, ಮಂಗಳವಾರ

ಕಂಪನಿಯ ಇಪ್ಪತ್ತೈದು ವರ್ಷದ ಚರಿತ್ರೆಯ ಕರಡು ಪ್ರತಿ ಬಂತು, ನುಣುಪು ಕಾಗದ, ಬಣ್ಣದ ಚಿತ್ರಗಳು. ಅದರಲ್ಲಿ ನನ್ನ ಹೆಸರು ಒಂದು ಕಡೆಯೂ ಇಲ್ಲ.

ಕಣ್ತಪ್ಪಿರಬೇಕು ಎಂದುಕೊಂಡೆ. ಪತ್ರಿಕೆಯಲ್ಲಿ ವರ್ಷಗಟ್ಟಲೆ ಕರಡು ತಿದ್ದಿದವಳು ನಾನು. ಇನ್ನೊಬ್ಬರ ಕಣ್ತಪ್ಪನ್ನು ಹಿಡಿಯುವುದೂ ಕ್ಷಮಿಸುವುದೂ ಆ ಕಸುಬಿನಲ್ಲೇ ಸೇರಿತ್ತು. ಮೊದಲಿನಿಂದ ಮತ್ತೆ ಓದಿದೆ. ಕಣ್ತಪ್ಪಲ್ಲ. ನಾವು ಮಾಡಿದ ಮಕ್ಕಳ ವಿಡಿಯೋ ಗೇಮುಗಳೆಲ್ಲ ನನ್ನ ಅಣ್ಣನೊಬ್ಬನ ತಲೆಯಿಂದಲೇ ಉದುರಿದವು ಎನ್ನುವ ಹಾಗೆ ಬರೆದಿದ್ದಾರೆ. "ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬ ಕನಸುಗಾರ" ಅಂತೆ. ಆ ಕೋಣೆಯಲ್ಲಿ ಮೂವರು ಇದ್ದೆವು. ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಅಣ್ಣ ಚಿತ್ರ ಬಿಡಿಸಿದ. ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ಮೇಷ್ಟ್ರು ಪ್ರೋಗ್ರಾಂ ಬರೆದರು. ಮಾತು, ಕಥೆ, ದನಿ ನನ್ನವು. ನಮ್ಮ ಆಮೆಗೆ ಡುಬ್ಬಣ್ಣ ಎಂದು ಹೆಸರಿಟ್ಟವಳು ನಾನು. ಅಂದಿನಿಂದ ಇಂದಿನವರೆಗೆ ಡುಬ್ಬಣ್ಣನಾಗಿ ಮಕ್ಕಳ ಜತೆ ಮಾತಾಡುತ್ತಿರುವುದು ನನ್ನ ಗಂಟಲು.

ಮೈ ಉರಿದದ್ದು ನಿದ್ದೆಯ ಪುಟ ಓದಿ. ಅರ್ಧ ಗಂಟೆ ಆಡಿದ ಮೇಲೆ ಡುಬ್ಬಣ್ಣ ಆಕಳಿಸುತ್ತಾನೆ. "ಸಾಕಪ್ಪಾ ಸಾಕು. ನಾನು ಒಳಗೆ ಹೋಗ್ತೀನಿ, ನೀನು ಹೊರಗೆ ಹೋಗು" ಎಂದು ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಳ್ಳುತ್ತಾನೆ. ಮರುದಿನದವರೆಗೆ ಆಟ ತೆರೆಯುವುದಿಲ್ಲ. ಕಂಪನಿಗೆ ಹೆಸರು ಬಂದದ್ದೇ ಈ ನಿದ್ದೆಯಿಂದ. ತಾಯಿತಂದೆಯರು ಬೇರೆಯವರ ಆಟ ಬಿಟ್ಟು ನಮ್ಮದನ್ನು ಕೊಳ್ಳುವುದು ಅದಕ್ಕಾಗಿ. ಆ ನಿದ್ದೆ "ಸಂಸ್ಥಾಪಕರಿಗೆ ಮೊದಲ ದಿನವೇ ಹೊಳೆದಿತ್ತು" ಎಂದು ಬರೆದಿದ್ದಾರೆ.

ಹೊಳೆದಿತ್ತಂತೆ! ಮೊದಲ ದಿನ ಅವನಿಗೆ ಹೊಳೆದದ್ದು ಕೋಣೆಯ ಬಾಡಿಗೆ ಯಾರು ಕೊಡುತ್ತಾರೆ ಎನ್ನುವ ಪ್ರಶ್ನೆ ಒಂದೇ.

ಪ್ರಚಾರ ವಿಭಾಗದ ಹುಡುಗಿಗೆ ಫೋನ್ ಮಾಡಿದೆ.

"ಮೇಡಂ, ಸರ್ ಹೇಳಿದ್ದನ್ನೇ ಬರೆದ್ವಿ. ನಿಮ್ಮನ್ನೂ ಕೇಳೋಣ ಅಂತಿದ್ವಿ, ಆದ್ರೆ ನೀವು ಬರೀ ವಾಯ್ಸು ಅಂತ…"

"ಬರೀ ವಾಯ್ಸು?"

"ಅಂದ್ರೆ, ಹಾಗಲ್ಲ ಮೇಡಂ…"

ಎರಡು ನಿಮಿಷ ಅವಳ ಕಿವಿಗೆ ಈ ಬರೀ ವಾಯ್ಸು ಚೆನ್ನಾಗಿ ಕೇಳಿಸಿತು. ಪಾಪ, ಕೊನೆಗೆ ಅವಳೇ, "ಆ ಅಧ್ಯಾಯ ನೀವೇ ಬರೆದುಕೊಟ್ಬಿಡಿ ಮೇಡಂ, ಮುಂದಿನ ವಾರದೊಳಗೆ" ಎಂದಳು. ಬರೆಯುತ್ತೇನೆ. ನಡೆದದ್ದು ನಡೆದ ಹಾಗೆ.

ಜೂನ್ 5, ಗುರುವಾರ

ಮೇಷ್ಟ್ರ ಮನೆಗೆ ಹೋಗಿದ್ದೆ. ಬರೀ ನನ್ನ ನೆನಪಿನ ಮೇಲೆ ಬರೆಯುವುದು ನನಗೆ ಆಗದು. ಇನ್ನೊಬ್ಬರ ಬಾಯಿಂದಲೂ ಕೇಳಬೇಕು.

"ಏನಮ್ಮಾ, ಮುಖ ಯಾಕೆ ಸೀಟಿ ಹಾಕೋ ಮುಂಚಿನ ಕುಕ್ಕರ್ ಥರ ಇದೆ?" ಎಂದರು.

ಹೇಳಿದೆ. ಅವರು ನಕ್ಕರು. "ನಿನ್ನ ಹೆಸರೂ ಇಲ್ಲ, ನನ್ನ ಹೆಸರೂ ಇಲ್ಲ. ಸರಿಹೋಯ್ತು, ಯಾರಿಗೂ ಅನ್ಯಾಯ ಆಗಿಲ್ಲ."

"ನಗಬೇಡಿ ಮೇಷ್ಟ್ರೇ. ನಿದ್ದೆ ಎಲ್ಲಿಂದ ಬಂತು, ಹೇಳಿ."

ಅವರಿಗೂ ಎಲ್ಲ ನೆನಪಿದೆ. ಡುಬ್ಬಣ್ಣ ಎಲೆ ತಿನ್ನುತ್ತ ಹೋಗುವ ಆಟ ಅದು. ತಿಂದ ಪ್ರತಿ ಎಲೆಯನ್ನೂ ಯಂತ್ರ ನೆನಪಿಟ್ಟುಕೊಳ್ಳುತ್ತಿತ್ತು, ಮರೆಯುತ್ತಿರಲಿಲ್ಲ. ಅರ್ಧ ಗಂಟೆಗೆ ನೆನಪು ಭರ್ತಿಯಾಗಿ ತೆರೆ ಕಲ್ಲಿನಂತೆ ನಿಂತುಬಿಡುತ್ತಿತ್ತು. ಮರುದಿನ ಬೆಳಿಗ್ಗೆ ಒಂದು ಶಾಲೆಯಲ್ಲಿ ಮೊದಲ ಪ್ರದರ್ಶನ. ದೋಷ ಎಲ್ಲಿದೆ ಎಂದು ಮೇಷ್ಟ್ರಿಗೆ ಸಿಗಲಿಲ್ಲ. "ನಿಲ್ಲೋದಕ್ಕೆ ಮುಂಚೆ ನಾವೇ ಮಲಗಿಸಿಬಿಡೋಣ" ಎಂದವಳು ನಾನು. ಪಕ್ಕದಲ್ಲಿ ಸೈಕಲ್ ಅಂಗಡಿಯ ಸುತ್ತಿಗೆ ಸದ್ದು. ಕೌದಿ ಹೊದ್ದು, ಅದರೊಳಗೆ ಮೈಕು ಹಿಡಿದು ಆ ಸಾಲು ಹೇಳಿದೆ. ಪತ್ರಿಕೆಯ ರಾತ್ರಿ ಪಾಳಿ ಮುಗಿಸಿ ಬಂದಿದ್ದೆ. ಆ ಆಕಳಿಕೆ ನಟನೆಯಲ್ಲ.

"ಬರಿ, ಆದ್ರೆ ಪೂರ್ತಿ ಬರಿ" ಎಂದರು ಮೇಷ್ಟ್ರು. "ಆಮೇಲೆ ಏನಾಯ್ತು ಅನ್ನೋದನ್ನೂ ಸೇರಿಸು."

ಈಗಿರುವ ಪ್ರಶ್ನೆ ಯಾರಿಗೆ ಹೊಳೆಯಿತು ಎನ್ನುವುದು. ಆಮೇಲಿನ ಕಥೆಗೆ ಪುಸ್ತಕದಲ್ಲಿ ಕೊಟ್ಟ ಜಾಗವೇ ಸಾಲದು.

ಜೂನ್ 9, ಸೋಮವಾರ

ಬರೆದು ಮುಗಿಸಿದೆ. ವಿಶೇಷಣ ಒಂದೂ ಇಲ್ಲ. "ಡುಬ್ಬಣ್ಣನ ನಿದ್ದೆ ಒಂದು ದೋಷ. ಅದನ್ನು ಯಾರೂ ಮೊದಲೇ ಯೋಚಿಸಿ ಇಟ್ಟದ್ದಲ್ಲ" ಎಂದು ಶುರುವಾಗುತ್ತದೆ. ಕೆಳಗೆ ಸಹಿ ಹಾಕಿದೆ.

ಸಂಜೆ ಅಣ್ಣನ ಫೋನು. ಆ ಹುಡುಗಿ ಹೇಳಿರಬೇಕು.

"ಏನೇ, ನಾನು ಸುಳ್ಳ ಅಂತ ಅಚ್ಚು ಹಾಕಿಸ್ತೀಯಂತೆ?"

"ನಡೆದದ್ದನ್ನ ಬರೆದಿದೀನಿ."

"ಇಷ್ಟು ವರ್ಷ ಆದ್ಮೇಲೆ ಯಾರಿಗೆ ಬೇಕೇ ಅದು?"

"ನಂಗೆ ಬೇಕು."

"ನೀನು ಆಗ್ಲೂ ಹೀಗೇ. ನಾನು ಬರೆದ ಬೋರ್ಡಲ್ಲಿ ಒಂದು ದೀರ್ಘ ಬಿಟ್ಟೋಗಿದೆ ಅಂತ ಗಿರಾಕಿ ಎದುರಿಗೇ ಹೇಳಿದವಳು."

"ಬಿಟ್ಟೋಗಿತ್ತು."

ಫೋನ್ ಇಟ್ಟ. ಕಂಪನಿಯನ್ನು ಹೊಸಬರಿಗೆ ಮಾರುವಾಗ ನನ್ನನ್ನೂ ಮೇಷ್ಟ್ರನ್ನೂ ಒಂದು ಮಾತು ಕೇಳದವನಿಗೆ ಈಗ ಕೋಪ ಬೇರೆ.

ಜೂನ್ 12, ಗುರುವಾರ

ಅಧ್ಯಾಯ ಕೊಟ್ಟು ಬಂದೆ. ನೇರ ದೊಡ್ಡ ಕುರ್ಚಿಯ ಕೈಗೇ. ಕಂಪನಿ ಮಾರಿದಾಗ ಹೊಸ ಮುಖ್ಯಸ್ಥರಿಗಿಂತ ಮೊದಲು ಅವರ ಕುರ್ಚಿ ಬಂತು. ಒಳಗೆ ಹಿಡಿಸದೆ ಬಾಗಿಲಿನ ಚೌಕಟ್ಟು ಕಿತ್ತು ತಂದರು. ಅಂದಿನಿಂದ ನಾವು ಹಳಬರು ಅವರನ್ನು ಕರೆಯುವುದು ಹಾಗೆ.

ನನ್ನೆದುರಿಗೇ ಓದಿದರು. ಎರಡು ಸಲ ಓದಿದರು.

"ಅಂದ್ರೆ ಈ ನಿದ್ದೆ ಒಂದು ದೋಷ?"

"ಹೌದು."

"ಮಕ್ಕಳ ಒಳ್ಳೇದಕ್ಕೆ ಅಂತ ಯೋಚನೆ ಮಾಡಿ ಇಟ್ಟದ್ದಲ್ಲ?"

"ಅಲ್ಲವೇ ಅಲ್ಲ. ಯಂತ್ರ ನಿಲ್ತಾ ಇತ್ತು, ಮುಚ್ಚಿಹಾಕಿದ್ವಿ."

"ತುಂಬ ಥ್ಯಾಂಕ್ಸ್ ಮೇಡಂ. ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ." ಎದ್ದು ಕೈ ಕುಲುಕಿದರು. ಬಾಗಿಲವರೆಗೆ ಬಂದರು.

ಆ ಮನುಷ್ಯನನ್ನು ತಪ್ಪಾಗಿ ತಿಳಿದಿದ್ದೆವೇನೋ. ಸತ್ಯಕ್ಕೆ ಬೆಲೆ ಕೊಡುವವರು ಎಲ್ಲಿರುತ್ತಾರೆ ಎಂದು ಹೇಳಲಾಗದು.

ಜೂನ್ 16, ಸೋಮವಾರ

ನೀಚರು. ಬೇರೆ ಪದ ಸಿಗುತ್ತಿಲ್ಲ. ಹುಡುಕುವುದೂ ಇಲ್ಲ.

ಹತ್ತು ಗಂಟೆಗೆ ಸಭೆ. ಅಣ್ಣ, ಮೇಷ್ಟ್ರು, ನಾನು, ಪ್ರಚಾರದ ಹುಡುಗಿ, ಹೊಸಬರ ಒಂದು ಸಾಲು. ಗೋಡೆಯ ಮೇಲೆ ನನ್ನ ಪುಟ. ಮೊದಲ ವಾಕ್ಯಕ್ಕೆ ಹಳದಿ ಬಣ್ಣ ಬಳಿದಿದ್ದರು.

"ಇಪ್ಪತ್ತೈದು ವರ್ಷದಿಂದ ನಾವೊಂದು ದೋಷವನ್ನ ಮುದ್ದು ಮಾಡಿ ಸಾಕಿದೀವಿ" ಎಂದಿತು ದೊಡ್ಡ ಕುರ್ಚಿ. "ಬೇರೆ ಕಂಪನಿ ಆಟದ ಮುಂದೆ ಮಗು ಎರಡು ಗಂಟೆ ಕೂರತ್ತೆ. ನಮ್ಮದು ಅರ್ಧ ಗಂಟೆಗೆ ಮಗೂನ ಹೊರಗೆ ಕಳಿಸತ್ತೆ. ಯಾಕೆ? ತತ್ವ ಅಂತ ಅಂದ್ಕೊಂಡಿದ್ವಿ. ಅಲ್ಲ ಅಂತ ಮೇಡಂ ಬರೆದುಕೊಟ್ಟಿದ್ದಾರೆ. ದೋಷ ಇದ್ರೆ ಏನು ಮಾಡ್ತೀವಿ? ಸರಿಪಡಿಸ್ತೀವಿ."

ಆಮೇಲೆ ಹೊಸ ಡುಬ್ಬಣ್ಣನನ್ನು ತೋರಿಸಿದರು. ಅವನಿಗೆ ನಿದ್ದೆ ಬರುವುದೇ ಇಲ್ಲ. ಸಾಕೆಂದು ಮಗು ಹೊರಟರೆ ಕತ್ತು ಚಾಚುತ್ತಾನೆ, ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಾನೆ. "ಹೋಗ್ಬೇಡಾ… ನಾನೊಬ್ಬನೇ ಆಗೋಗ್ತೀನಿ…" ದನಿ ನನ್ನದೇ! ನಾನು ಎಂದೂ ಹೇಳದ ಮಾತು. ನನ್ನ ಹಳೆಯ ಧ್ವನಿಮುದ್ರಣಗಳಿಂದ ಚೂರು ಚೂರು ತೆಗೆದು ಯಂತ್ರದಲ್ಲಿ ಅಂಟಿಸಿದ್ದಾರೆ.

ಎದ್ದು ನಿಂತೆ. "ಅದು ದೋಷ ಅಲ್ಲ!"

"ಮೇಡಂ, ನೀವೇ ಬರೆದಿದೀರಲ್ಲ. ಸಹಿ ಕೂಡ ಇದೆ."

ಮೇಷ್ಟ್ರು ನನ್ನ ಕಡೆ ತಿರುಗಿದರು. ಪೂರ್ತಿ ಬರಿ ಎಂದಿದ್ದರು.

ಆಮೇಲಿನದು, ನಾನು ಬಿಟ್ಟದ್ದು, ಇಲ್ಲಿಯಾದರೂ ಬರೆದಿಡುತ್ತೇನೆ. ಎರಡೇ ತಿಂಗಳಲ್ಲಿ ಮೇಷ್ಟ್ರು ದೋಷ ಹುಡುಕಿ ತೆಗೆದರು. ಡುಬ್ಬಣ್ಣ ದಿನವಿಡೀ ಎಲೆ ತಿನ್ನಬಹುದಿತ್ತು. ನಿದ್ದೆ ತೆಗೆಯಬೇಕೋ ಇಡಬೇಕೋ ಎಂದು ಮೂವರೂ ಕಿತ್ತಾಡಿ, ಶನಿವಾರದ ಕೋಣೆಯಲ್ಲಿ ನೋಡೋಣ ಎಂದುಕೊಂಡೆವು. ಪ್ರತಿ ಆಟವನ್ನೂ ಹೊರಗೆ ಬಿಡುವ ಮುಂಚೆ ಒಂದು ಶನಿವಾರ ಮಕ್ಕಳು ಆಡುತ್ತಾರೆ, ದೊಡ್ಡವರು ಗೋಡೆಗೆ ಒರಗಿ ನೋಡುತ್ತಾರೆ. ಬಾಯಿ ಬಿಡಕೂಡದು, ನೆನಪಿರಲೆಂದು ಬಾಯಲ್ಲೊಂದು ಪೆಪ್ಪರ್‌ಮಿಂಟು. ಯಾರಾದರೂ ಮಾತಾಡಿದರೆ ಅಂದಿನ ಪರೀಕ್ಷೆ ರದ್ದು, ಆಟ ಮುಂದಿನ ಶನಿವಾರಕ್ಕೆ ಕಾಯಬೇಕು. ಈ ಕಟ್ಟಳೆ ಮಾಡಿದವಳು ನಾನು. "ಅಲ್ಲಿ ಒತ್ತು ಮರಿ" ಎಂದ ತಪ್ಪಿಗೆ ಅಣ್ಣನನ್ನೇ ಹೊರಗೆ ಕಳಿಸಿದ್ದೆ.

ಆ ಶನಿವಾರ ಡುಬ್ಬಣ್ಣ ಮಲಗಿದ. ಆಡುತ್ತಿದ್ದ ಮಗು ಸ್ವಲ್ಪ ಹೊತ್ತು ತೆರೆ ನೋಡಿತು. ಎದ್ದು ಮೇಜಿನ ಕೆಳಗೆ ತೂರಿ, ತಲೆ ಒಳಗೆಳೆದು, ತಾನೇ ಆಮೆಯಾಗಿ ಕೂತಿತು. ಉಳಿದ ಮಕ್ಕಳೂ ತೂರಿದವು. ನಾವು ಮೂವರೂ ಪೆಪ್ಪರ್‌ಮಿಂಟು ನುಂಗಿಬಿಟ್ಟೆವು. ನಿದ್ದೆ ಇರಲಿ ಎಂದು ಅಂದು ನಿರ್ಧರಿಸಿದೆವು, ಮೂವರೂ ಸೇರಿ.

ಇದನ್ನು ಸಭೆಯಲ್ಲಿ ಹೇಳಿದೆ. "ಒಳ್ಳೆ ಕಥೆ ಮೇಡಂ, ಪುಸ್ತಕದಲ್ಲಿ ಹಾಕೋಣ" ಎಂದಿತು ಕುರ್ಚಿ. ಹೊಸ ಡುಬ್ಬಣ್ಣನಿಗೆ ಈ ಶನಿವಾರವೇ ಪರೀಕ್ಷೆ. ಜುಲೈ ಆರರ ವಾರ್ಷಿಕೋತ್ಸವಕ್ಕೆ ಬಿಡುಗಡೆ.

ಜೂನ್ 17, ಮಂಗಳವಾರ

ಅವರು ನನ್ನ ಬರಹದಲ್ಲಿ ಒಂದಕ್ಷರವನ್ನೂ ತಿರುಚಲಿಲ್ಲ. ತಿರುಚಿದ್ದರೆ ಎಷ್ಟು ಸುಲಭವಾಗಿತ್ತು.

ಜೂನ್ 19, ಗುರುವಾರ

ಜಗಳಕ್ಕೆಂದೇ ಅಣ್ಣನ ಕೋಣೆಗೆ ಹೋದೆ. ಬಾಗಿಲ ಮೇಲೆ "ಮುಖ್ಯ ಸಲಹೆಗಾರರು" ಎಂದಿದೆ. ಒಳಗೆ ಪ್ಲಾಸ್ಟಿಕ್ ಗಿಡ, ಮೇಜು, ಚೂಪಾಗಿ ಹೆರೆದ ಪೆನ್ಸಿಲುಗಳ ಡಬ್ಬಿ. ಕಂಪ್ಯೂಟರ್ ಇಲ್ಲ. ಪೆನ್ಸಿಲುಗಳನ್ನು ಉಪಯೋಗಿಸಿದ ಗುರುತೂ ಇಲ್ಲ.

"ಬಂದ್ಯಾ? ಬೈಯೋದಿದ್ರೆ ಕೂತ್ಕೊಂಡು ಬೈ" ಎಂದ.

"ನಿನ್ನ ಸಲಹೆ ಏನಾದ್ರೂ ಕೇಳಿದ್ರಾ?"

"ವಾರ್ಷಿಕೋತ್ಸವಕ್ಕೆ ಯಾವ ಬಣ್ಣದ ರಿಬ್ಬನ್ ಕಟ್ಟೋಣ ಅಂತ ಕೇಳಿದ್ರು. ಹಸಿರು ಅಂದೆ. ಕೆಂಪು ತಂದ್ರು."

ನಗು ಬಂತು, ತಡೆದುಕೊಂಡೆ. ಅವನ ಫೋನಿನಲ್ಲಿ ಹೊಸ ಡುಬ್ಬಣ್ಣ ಇದ್ದ. ಒತ್ತಿದ. ಹೋಗ್ಬೇಡಾ, ಎಂದು ನನ್ನ ದನಿ ಆ ಖಾಲಿ ಕೋಣೆಯಲ್ಲಿ ಗೋಗರೆಯಿತು.

"ಇದು ನಿನ್ನ ದನಿ ಅಲ್ವೇ ಅಲ್ಲ ಕಣೇ" ಎಂದ. "ನೀನು ಯಾರಿಗಾದ್ರೂ ಹೋಗ್ಬೇಡ ಅಂದಿದ್ದುಂಟಾ? ನಾನು ಅಪ್ಪನ ಹತ್ರ ಜಗಳ ಆಡಿ ಮನೆ ಬಿಟ್ಟು ಹೊರಟಾಗ ಏನಂದೆ ಹೇಳು. 'ಛತ್ರಿ ತಗೊಂಡು ಹೋಗು' ಅಂದೆ."

"ಮೋಡ ಆಗಿತ್ತು."

"ಹೂಂ, ಮೋಡ ಆಗಿತ್ತು." ಪೆನ್ಸಿಲ್ ತೆಗೆದು ಮತ್ತೆ ಡಬ್ಬಿಗೆ ಹಾಕಿದ. "ನಂಗೆ ಹೊಳೆದಿದ್ದು ಅಂತ ಎಲ್ಲ ಕಡೆ ಹೇಳಿ ಹೇಳಿ, ನಂಗೇ ನಂಬಿಕೆ ಬಂದ್ಬಿಟ್ಟಿತ್ತು. ಅಷ್ಟು ಸಲ ಹೇಳಿದ ಮೇಲೆ ಅದನ್ನ ಯಾರು ಮುಟ್ತಾರೆ ಅಂದ್ಕೊಂಡು ಮಾರಿಬಿಟ್ಟೆ."

ಬೈಯಬೇಕೆಂದು ಜೋಡಿಸಿಕೊಂಡು ಹೋಗಿದ್ದ ಮಾತುಗಳಲ್ಲಿ ಅರ್ಧ ಅಲ್ಲೇ ಉಳಿದವು. ಸಮಯ ಸಾಲಲಿಲ್ಲ.

ಜೂನ್ 21, ಶನಿವಾರ

ನಡೆದದ್ದನ್ನು ಸಾಲಾಗಿ ಬರೆಯುತ್ತೇನೆ.

ಐದು ಮಕ್ಕಳು, ಐದು ಟ್ಯಾಬು. ಗೋಡೆಗೆ ಒರಗಿ ದೊಡ್ಡ ಕುರ್ಚಿ, ಅಣ್ಣ, ಮೇಷ್ಟ್ರು, ಪ್ರಚಾರದ ಹುಡುಗಿ, ನಾನು. ಎಲ್ಲರ ಬಾಯಲ್ಲೂ ಪೆಪ್ಪರ್‌ಮಿಂಟು. ಮಕ್ಕಳನ್ನು ಕರೆತಂದವರು ಬಾಗಿಲ ಹೊರಗೆ.

ಎರಡು ಜಡೆಯ ಪುಟ್ಟಿಯೊಬ್ಬಳು, ಐದು ವರ್ಷವಿರಬಹುದು, ಚೆನ್ನಾಗಿ ಆಡಿದಳು. ಬಾಗಿಲ ಗಾಜಿನಾಚೆ ಅವಳ ತಾತ ಹೋಗೋಣ ಎಂದು ಕೈ ಮಾಡಿದರು. ತಲೆಯಾಡಿಸಿ, ನಿಲ್ಲಿಸುವ ಗುಂಡಿ ಒತ್ತಿದಳು. ಡುಬ್ಬಣ್ಣ ಕತ್ತು ಚಾಚಿದ. "ಹೋಗ್ಬೇಡಾ…" ಅವಳು ಮತ್ತೆ ಕೂತಳು. ಸ್ವಲ್ಪ ಹೊತ್ತಿಗೆ ಮತ್ತೆ ಒತ್ತಿದಳು. ಮತ್ತೆ ಕಣ್ಣೀರು. ಅವಳು ಬೆರಳಿನಿಂದ ತೆರೆಯನ್ನು ಒರೆಸಿದಳು. ಅವನ ಕಣ್ಣು ಒರೆಸುತ್ತಿದ್ದಾಳೆ ಎಂದು ನನಗೆ ತಡವಾಗಿ ತಿಳಿಯಿತು. ತಾತ ಗಾಜು ತಟ್ಟಿದರು. ಅವಳು ಟ್ಯಾಬನ್ನು ಲಂಗದಲ್ಲಿ ಸುತ್ತಿಕೊಂಡು ಹೊಟ್ಟೆಗೆ ಒತ್ತಿಹಿಡಿದಳು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ನಾನು ಹೋದ್ರೆ ಇವ್ನು ಸತ್ತೋಗ್ತಾನಾ?"

ಐವರು ದೊಡ್ಡವರು ಪೆಪ್ಪರ್‌ಮಿಂಟು ಚೀಪುತ್ತ ನಿಂತಿದ್ದೆವು. ಕುರ್ಚಿ ಕೈಗಡಿಯಾರ ನೋಡಿಕೊಂಡು ಹುಡುಗಿಯ ಕಡೆ ಹುಬ್ಬು ಹಾರಿಸಿತು. ಪುಟ್ಟಿಯ ಕೆಳತುಟಿ ನಡುಗತೊಡಗಿತ್ತು. ಈ ಕಟ್ಟಳೆ ನನ್ನದು. ಒಂದು ಮಗುವಿನ ಪ್ರಶ್ನೆಗೆ ಇಷ್ಟು ಜನ ಉತ್ತರ ಕೊಡದೆ ನಿಲ್ಲುವುದಕ್ಕಾಗಿ ನಾನು ಅದನ್ನು ಮಾಡಿರಲಿಲ್ಲ.

ಪೆಪ್ಪರ್‌ಮಿಂಟನ್ನು ಅಂಗೈಗೆ ಉಗಿದೆ. ಅವಳ ಮುಂದೆ ನೆಲದ ಮೇಲೆ ಕೂತೆ. ಬಾಯಿ ದೊಡ್ಡದಾಗಿ ತೆರೆದು ಆಕಳಿಸಿದೆ.

"ಸಾಕಪ್ಪಾ ಸಾಕು. ನಾನು ಒಳಗೆ ಹೋಗ್ತೀನಿ, ನೀನು ಹೊರಗೆ ಹೋಗು."

ಅವಳು ಲಂಗದೊಳಗಿನ ಟ್ಯಾಬನ್ನು ನೋಡಿದಳು, ನನ್ನನ್ನು ನೋಡಿದಳು.

"ನೀನಾ ಒಳಗಿದ್ದಿದ್ದು?"

"ಹೂಂ."

"ಅಳ್ತಿದ್ದಿದ್ದೂ ನೀನಾ?"

"ಅಲ್ಲಮ್ಮ. ಅದು ಇವರು ಹೇಳ್ಸಿದ್ದು. ನಂಗೆ ಬರೀ ನಿದ್ದೆ."

"ಅಷ್ಟೇನಾ!" ಎಂದಳು, ಇಷ್ಟು ಹೊತ್ತು ಕಾಡಿಸಿದೆಯಲ್ಲ ಎನ್ನುವ ಹಾಗೆ. ಟ್ಯಾಬನ್ನು ಮೇಜಿನ ಮೇಲೆ ಬೋರಲು ಹಾಕಿ, ಅದರ ಬೆನ್ನು ಎರಡು ಸಲ ತಟ್ಟಿ, ತಾತನ ಕಡೆ ಓಡಿದಳು.

"ಮೇಡಂ, ನೀವು ಮಾತಾಡಿಬಿಟ್ರಿ!" ಎಂದಿತು ಕುರ್ಚಿ.

"ಈಗ ನೀವೂ ಮಾತಾಡಿದ್ರಿ" ಎಂದರು ಮೇಷ್ಟ್ರು. "ಪರೀಕ್ಷೆ ರದ್ದು. ಮುಂದಿನ ಶನಿವಾರ."

ಜೂನ್ 23, ಸೋಮವಾರ

ಕುರ್ಚಿಯ ಕೋಣೆಗೆ ಕರೆ. ಇನ್ನು ಮುಂದೆ ಶನಿವಾರದ ಕೋಣೆಗೆ ನನಗೆ ಪ್ರವೇಶವಿಲ್ಲ. ಸರಿ ಎಂದೆ. ಶನಿವಾರದ ಪದ್ಧತಿಯನ್ನೇ ತೆಗೆದುಹಾಕಿದರೆ ಹೇಗೆ ಎಂದು ಅವರು ಪ್ರಚಾರದ ಹುಡುಗಿಯನ್ನು ಕೇಳಿದರು.

"ಸರ್, ಆಗಲ್ಲ ಸರ್. ಊರ ತುಂಬ ಪೋಸ್ಟರ್ ಹಾಕಿದೀವಿ."

"ಏನಂತ?"

"'ದೊಡ್ಡವರು ಬಾಯಿ ಮುಚ್ಚಿಕೊಳ್ಳುವ ಕಂಪನಿ' ಅಂತ. ಶನಿವಾರ ಪಾಸಾಗದೆ ನಮ್ಮ ಯಾವ ಆಟವೂ ಹೊರಗೆ ಬರಲ್ಲ ಅಂತ. ನೀವೇ ಓಕೆ ಮಾಡಿದ್ರಲ್ಲ ಸರ್."

ಅವಳು ಇದನ್ನು ಹೇಳುವಾಗ ನನ್ನ ಕಡೆ ನೋಡಲಿಲ್ಲ. ನೋಡದಿರಲು ಬಹಳ ಕಷ್ಟಪಡುತ್ತಿದ್ದಳು. ಒಳ್ಳೆಯ ಹುಡುಗಿ.

ಜೂನ್ 28, ಶನಿವಾರ

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆ. ಇಂದು ಪಾಸಾದರೆ ಮುಗಿಯಿತು, ಆ ಕಣ್ಣೀರು ಮನೆಮನೆಗೆ ಹೋಗುತ್ತದೆ. ಒಳಗಿನದು ಏನೂ ಕೇಳಿಸುತ್ತಿರಲಿಲ್ಲ. ಗಾಜಿಗೂ ಪರದೆ ಎಳೆದಿದ್ದರು. ಗೋಡೆಯ ಬಣ್ಣ ಎಲ್ಲಿ ಸುಲಿದಿದೆ ಎಂದೆಲ್ಲ ನೋಡಿ ಮುಗಿಸಿದೆ.

ಬಾಗಿಲು ಧಡಾರನೆ ತೆರೆಯಿತು. ಮೊದಲು ಕುರ್ಚಿ ಬಂತು, ಮುಖ ಕೆಂಪೇರಿತ್ತು. ಹಿಂದೆ ಅಣ್ಣ, ಎರಡೂ ಕೈ ಜೇಬಿನಲ್ಲಿ.

"ನಿಮಗೇನಾಯ್ತು ಸರ್? ಕಂಪನಿ ಕಟ್ಟಿದವರೇ ಹೀಗೆ ಮಾಡಿದ್ರೆ?"

"ವಯಸ್ಸಾಯ್ತು" ಎಂದ ಅಣ್ಣ. "ಬಾಯಿ ನಿಲ್ಲಲ್ಲ."

"ಏನಂದೆ?" ಎಂದು ಕೇಳಿದೆ.

"ಅಲ್ಲಿ ಒತ್ತು ಮರಿ, ಅಂದೆ."

"ಎಲ್ಲಿ?"

"ಆಫ್ ಮಾಡೋ ಗುಂಡಿ."

ಮೇಷ್ಟ್ರು ಕೊನೆಯಲ್ಲಿ ಬಂದರು, ಗಂಟಲು ಸವರಿಕೊಳ್ಳುತ್ತ. "ಮುಂದಿನ ಶನಿವಾರಕ್ಕೆ ನಂಗೂ ಯಾಕೋ ಕೆಮ್ಮು ಬರೋ ಹಾಗಿದೆ" ಎಂದರು, ಯಾರಿಗೆಂದಿಲ್ಲದೆ. ಮುಂದಿನ ಶನಿವಾರದ ಮರುದಿನವೇ ವಾರ್ಷಿಕೋತ್ಸವ.

ಜೂನ್ 30, ಸೋಮವಾರ

ಆದೇಶ ಬಂತು. ವಾರ್ಷಿಕೋತ್ಸವಕ್ಕೆ ಹಳೆಯ ಡುಬ್ಬಣ್ಣನೇ, ನಿದ್ದೆಯ ಸಮೇತ. ಹೊಸಬನ ಬಗ್ಗೆ "ಸೂಕ್ತ ಸಮಯದಲ್ಲಿ ತೀರ್ಮಾನಿಸಲಾಗುವುದು". ಈ ವಾಕ್ಯವನ್ನು ಪತ್ರಿಕೆಯಲ್ಲಿ ಸಾವಿರ ಸಲ ತಿದ್ದಿದ್ದೇನೆ. ಅರ್ಥ ಗೊತ್ತು. ಶನಿವಾರಗಳು ಇನ್ನೂ ಬರುತ್ತವೆ, ಅವರೂ ಬರುತ್ತಾರೆ. ಬರಲಿ.

ಜುಲೈ 2, ಬುಧವಾರ

ಪುಸ್ತಕದ ಕೊನೆಯ ಕರಡು ನೋಡಿದೆ. ಅಧ್ಯಾಯವನ್ನು ಹೊಸದಾಗಿ ಬರೆದಿದ್ದೇನೆ. "ಡುಬ್ಬಣ್ಣನ ನಿದ್ದೆ ಮೊದಲು ದೋಷವಾಗಿತ್ತು. ಆಮೇಲೆ ಅಲ್ಲ" ಎಂದು ಶುರು. ಎಲೆಗಳು, ಶಾಲೆಯ ಪ್ರದರ್ಶನ, ಮೇಜಿನ ಕೆಳಗೆ ತೂರಿದ ಮಕ್ಕಳು, ಎರಡು ಜಡೆಯ ಪುಟ್ಟಿಯ ಪ್ರಶ್ನೆ, ಎಲ್ಲ ಇದೆ. ಕುರ್ಚಿ ಓದಲಿಲ್ಲವಂತೆ, ನನ್ನ ಬರಹ ಓದುವ ಉತ್ಸಾಹ ಇಳಿದಿರಬೇಕು.

ಮಧ್ಯಾಹ್ನ ಹುಡುಗಿ ಫೋನ್ ಮಾಡಿದಳು.

"ಮೇಡಂ, ಅಚ್ಚಿಗೆ ಹೋಗ್ತಿದೆ. ನಿಮ್ಮ ಅಧ್ಯಾಯದ ಕೊನೇಲಿ ಒಂದು ಸಾಲಿನ ಜಾಗ ಉಳಿದಿದೆ. ಮತ್ತೆ… ನಿಮ್ಮ ಹೆಸರು ಎಲ್ಲೂ ಇಲ್ವಲ್ಲ ಮೇಡಂ. 'ಮೂವರು' ಅಂತ ಮಾತ್ರ ಇದೆ."

"ಒಂದು ಸಾಲಿದೆಯಾ? ಒಳ್ಳೇದಾಯ್ತು, ಬರ್ಕೋ. 'ಆ ದಿನ ಹೊದ್ದ ಕೌದಿ ಮೇಷ್ಟ್ರ ತಾಯಿಯದು.' ಅದು ಬಿಟ್ಟೇಹೋಗಿತ್ತು ನೋಡು."

"ಅಷ್ಟೇನಾ ಮೇಡಂ?"

"ಅಷ್ಟೇ. 'ತಾಯಿಯದು', ದೀರ್ಘ ಗೀರ್ಘ ಸೇರಿಸಬೇಡ."

ನಾಳೆ ಪೇಟೆಗೆ ಹೋಗಿ ಶನಿವಾರಕ್ಕೆ ಪೆಪ್ಪರ್‌ಮಿಂಟು ತರಬೇಕು. ನನ್ನನ್ನು ಒಳಗೆ ಬಿಡದಿದ್ದರೂ ತಂದು ಕೊಡುವ ಕೆಲಸ ನನ್ನದೇ. ಅಣ್ಣನಿಗೂ ಒಂದು ತರುತ್ತೇನೆ, ಹೇಗೂ ಉಗಿಯುತ್ತಾನೆ.